2011ರ ಹೋಂಡಾ ಸಿಟಿ, 1.18 ಲಕ್ಷ ಕಿ.ಮೀ.: ಕೇಳಿದ ಬೆಲೆ ಮತ್ತು ಬಾಕಿ ಕೆಲಸದ ಲೆಕ್ಕ

2011ರ ಮಾರ್ಚ್‌ನಲ್ಲಿ ನೋಂದಣಿಯಾದ ಹೋಂಡಾ ಸಿಟಿ 1.5 ಎಸ್. ಪೆಟ್ರೋಲ್, ಮ್ಯಾನುಯಲ್ ಗೇರ್, ಮೀಟರ್‌ನಲ್ಲಿ 1,18,000 ಕಿ.ಮೀ. ಬೆಂಗಳೂರಿನ ಗಾಡಿ, ಎರಡನೇ ಮಾಲೀಕರ ಕೈಯಲ್ಲಿದೆ. 2025ರ ನವೆಂಬರ್‌ನಲ್ಲಿ ಕೇಳಿದ ಬೆಲೆ 2,90,000 ರೂಪಾಯಿ. ಕೊಳ್ಳಲು ಬಂದದ್ದು ಹಾಸನದ ಕುಟುಂಬ. ವಾರಕ್ಕೊಮ್ಮೆ ಶಿರಾಡಿ ಘಾಟ್ ಇಳಿದು ಮಂಗಳೂರಿಗೆ ಹೋಗಿಬರಬೇಕಾದವರು.

2008ರ ಕೊನೆಯಿಂದ 2013ರವರೆಗೆ ಮಾರಾಟವಾದ ಈ ರೂಪದ ಸಿಟಿಗಳಲ್ಲಿ ಹತ್ತು ವರ್ಷ ದಾಟಿದ ಮೇಲೆ ಪದೇ ಪದೇ ಬರುವ ತೊಂದರೆಗಳನ್ನೆಲ್ಲ ಒಂದೇ ಕಾರಿನ ಮೇಲಿಟ್ಟು ನೋಡಲು ಕಟ್ಟಿಕೊಂಡ ಪ್ರಕರಣ ಇದು. ಇಲ್ಲಿರುವ ಮೊತ್ತಗಳು ಹೊರಗಿನ ಒಳ್ಳೆಯ ಗ್ಯಾರೇಜಿನ ಅಂದಾಜು ದರಗಳು. ಊರಿನಿಂದ ಊರಿಗೆ, ಒರಿಜಿನಲ್ ಬಿಡಿಭಾಗದಿಂದ ಬೇರೆ ಕಂಪನಿಯ ಬಿಡಿಭಾಗಕ್ಕೆ ನೂರಕ್ಕೆ ಇಪ್ಪತ್ತು ಆಚೀಚೆ ಆಗಬಹುದು. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ, ಅದಕ್ಕೂ ಹಿಂದಿನ ಕೊಟೇಶನ್ ಹಿಡಿದು ಯಾರಾದರೂ ಲೆಕ್ಕ ಹೇಳಿದರೆ ಒಪ್ಪಬೇಕಿಲ್ಲ.

ಕಾರಿನ ಮೇಲಿದ್ದ ದೂರುಗಳು ಇವು. ಗುಂಡಿಗೆ ಇಳಿದರೆ ಮುಂದಿನ ಎಡಗಡೆ ಗಡಗಡ ಸದ್ದು. ಮೂರನೇ ಗೇರಿನಲ್ಲಿ ಏರು ಹತ್ತುವಾಗ ಮಿಸ್ಸಿಂಗ್ (ಎಂಜಿನ್ ತಡವರಿಸಿ ಎಳೆತ ಕಳೆದುಕೊಳ್ಳುವುದು), ಆಗೊಮ್ಮೆ ಚೆಕ್ ಎಂಜಿನ್ ದೀಪ ಮಿಣುಕುತ್ತದೆ. ನಿಂತಲ್ಲಿ ಎಸಿ ಹಾಕಿದರೆ ಸ್ಟೀರಿಂಗ್ ನಡುಗುತ್ತದೆ. ಹೆದ್ದಾರಿಯಲ್ಲಿ ಎಸಿ ತಣ್ಣಗಿದ್ದು ಸಿಗ್ನಲ್‌ನಲ್ಲಿ ಬಿಸಿಗಾಳಿ ಬರುತ್ತದೆ. 80ರ ವೇಗದಲ್ಲಿ ಬ್ರೇಕ್ ಒತ್ತಿದರೆ ಅದುರು. ಕ್ಲಚ್ ಗಟ್ಟಿ. ಮಾರುವವರು ಮಾತಿನ ನಡುವೆ ಹೇಳಿದ ಇನ್ನೊಂದು ವಿಷಯಕ್ಕೆ ಯಾರೂ ಕಿವಿಗೊಟ್ಟಿರಲಿಲ್ಲ: "ಆವಾಗಾವಾಗ ಒಂಚೂರು ನೀರು ಹಾಕ್ತಾ ಇರಬೇಕು ಸಾರ್, ಹಳೇ ಗಾಡಿ ಅಲ್ವಾ."

ಮೊದಲು ತೋರಿಸಿದ ಗ್ಯಾರೇಜಿನವರು ಒಂದು ಸುತ್ತು ಓಡಿಸಿ ಬರೆದುಕೊಟ್ಟ ಪಟ್ಟಿ ಹೀಗಿತ್ತು: ಸ್ಟೀರಿಂಗ್ ರ್‍ಯಾಕ್ 28,000, ನಾಲ್ಕು ಶಾಕ್ ಅಬ್ಸಾರ್ಬರ್ 16,000, ಎಸಿ ಕಂಪ್ರೆಸರ್ 24,000, ಕ್ಲಚ್ ಸೆಟ್ 12,000, ನಾಲ್ಕು ಇಗ್ನಿಷನ್ ಕಾಯಿಲ್ 10,400, ಎಂಜಿನ್ ಮೌಂಟ್ ಸೆಟ್ 12,000, ಟೈರ್ 20,800, ಬ್ರೇಕ್ 8,700. ಒಟ್ಟು 1,31,900 ರೂಪಾಯಿ. ದೂರಿಗೊಂದು ದೊಡ್ಡ ಭಾಗದಂತೆ ಬರೆದ ಈ ಪಟ್ಟಿಯಲ್ಲಿ ಕಾರನ್ನು ಘಾಟಿನ ನಡುವೆ ನಿಲ್ಲಿಸಬಹುದಾದ ರೇಡಿಯೇಟರ್ ಇರಲಿಲ್ಲ. ಏರ್‌ಬ್ಯಾಗ್ ಕೂಡ ಇರಲಿಲ್ಲ. ಮುಂದಿರುವುದು ದೂರುಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ ಕಂಡದ್ದು.

ಸ್ಪ್ಯಾನರ್ ಹಿಡಿಯುವ ಮೊದಲು

ಈ ವಯಸ್ಸಿನ ಸಿಟಿ ಕೊಳ್ಳುವವರು ಮೊದಲು ನೋಡಬೇಕಾದದ್ದು ಏರ್‌ಬ್ಯಾಗ್. ಟಕಾಟಾ ಕಂಪನಿ ತಯಾರಿಸಿದ, ಚೀಲ ಉಬ್ಬಿಸುವ ಇನ್‌ಫ್ಲೇಟರ್‌ಗಳಲ್ಲಿ ಅಮೋನಿಯಂ ನೈಟ್ರೇಟ್ ಬಳಸಲಾಗಿತ್ತು. ವರ್ಷಗಟ್ಟಲೆ ಬಿಸಿ ಮತ್ತು ತೇವ ತಾಗಿದರೆ ಅದು ಕೆಡುತ್ತದೆ. ಅಪಘಾತದಲ್ಲಿ ಚೀಲ ಉಬ್ಬುವಾಗ ಲೋಹದ ಡಬ್ಬಿಯೇ ಒಡೆದು ಚೂರುಗಳು ಚಾಲಕನ ಮುಖ, ಕುತ್ತಿಗೆಗೆ ನುಗ್ಗುತ್ತವೆ. ಹೋಂಡಾ ಭಾರತದಲ್ಲಿ ಈ ಕಾರಣಕ್ಕೆ ಸಿಟಿ ಸೇರಿದಂತೆ ಅನೇಕ ಕಾರುಗಳನ್ನು ಹಂತಹಂತವಾಗಿ ವಾಪಸ್ ಕರೆದು ಇನ್‌ಫ್ಲೇಟರ್ ಬದಲಿಸಿದೆ. 17 ಅಕ್ಷರ-ಅಂಕಿಗಳ ಚಾಸಿ ಸಂಖ್ಯೆ ಕೊಟ್ಟರೆ ಈ ಕಾರಿಗೆ ಕೆಲಸ ಆಗಿದೆಯೋ ಬಾಕಿಯಿದೆಯೋ ಕಂಪನಿಯ ಜಾಲತಾಣದಲ್ಲಿ ಅಥವಾ ಯಾವುದೇ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ತಿಳಿಯುತ್ತದೆ. ಬಾಕಿಯಿದ್ದರೆ ಬದಲಾವಣೆ ಉಚಿತ. ಮಂಗಳೂರಿನ ಸೆಕೆಯಲ್ಲಿ ಓಡಾಡುವ ಕಾರಿಗೆ ಈ ವಿಚಾರಣೆ ಇನ್ನೂ ಮುಖ್ಯ. ಈ ಕಾರಿನಲ್ಲಿ ಚಾಲಕನ ಕಡೆಯದು ಬಾಕಿಯಿತ್ತು. ಎರಡನೇ ಮಾಲೀಕರ ವಿಳಾಸಕ್ಕೆ ಪತ್ರ ತಲುಪದೇ ಹೋಗುವುದರಿಂದ ಕೈ ಬದಲಾದ ಕಾರುಗಳಲ್ಲಿ ಹೀಗಾಗುತ್ತದೆ.

ಎರಡನೆಯದು ನೀರು ಹೊಕ್ಕ ಗಾಡಿಯೇ ಎಂಬ ಪರಿಶೀಲನೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆಯ ಕಡೆ ಎಷ್ಟೋ ಕಾರುಗಳು ಮುಳುಗಿದ್ದವು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದರೆ ಒಳಭಾಗದಲ್ಲಿ ಮಣ್ಣಿನ ಗೆರೆ ಕಾಣುತ್ತದೆ. ಸೀಟಿನ ಕೆಳಗಿನ ಹಳಿಯ ತುಕ್ಕು ಮತ್ತು ಸ್ಟೆಪ್ನಿ ಗುಂಡಿಯ ಕೆಸರನ್ನು ತೊಳೆದು ಪೂರ್ತಿ ಮರೆಮಾಚುವುದು ಕಷ್ಟ. ಇಲ್ಲಿ ಎಲ್ಲವೂ ಸ್ವಚ್ಛವಾಗಿತ್ತು.

ರೇಡಿಯೇಟರ್: "ಒಂಚೂರು ನೀರು"

ಈ ಸಿಟಿಯಲ್ಲಿ ಎಂಜಿನ್ ಬಿಸಿಯ ಮುಳ್ಳಿನ ಮೀಟರ್ ಇಲ್ಲ. ತಣ್ಣಗಿದ್ದಾಗ ನೀಲಿ ದೀಪ, ಅತಿಯಾಗಿ ಕಾದಾಗ ಕೆಂಪು ದೀಪ, ನಡುವೆ ಏನೂ ಇಲ್ಲ. ಕೆಂಪು ದೀಪ ಕಾಣುವ ಹೊತ್ತಿಗೆ ಹಾನಿ ಶುರುವಾಗಿರಬಹುದು. ಆದ್ದರಿಂದ ಕೂಲೆಂಟ್ ಕಡಿಮೆಯಾಗುವ ಸಿಟಿಯನ್ನು ಹಾಗೆಯೇ ಓಡಿಸಬಾರದು.

ಪರೀಕ್ಷೆ ಎಂಜಿನ್ ತಣ್ಣಗಿರುವಾಗ. ಕ್ಯಾಪ್ ತೆಗೆದರೆ ನೀಲಿಯಾಗಿರಬೇಕಾದ ಕೂಲೆಂಟ್ ಕಂದು ಬಣ್ಣಕ್ಕೆ ತಿರುಗಿತ್ತು. ಬೋರ್‌ವೆಲ್ ನೀರು ಸುರಿದದ್ದರ ಗುರುತು ಅದು. ಗಡಸು ನೀರಿನ ಸುಣ್ಣದಂಶ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಕಟ್ಟುತ್ತದೆ. ಕೂಲೆಂಟ್‌ನಲ್ಲಿರುವ ತುಕ್ಕುನಿರೋಧಕ ತೆಳುವಾಗಿ, ಅಲ್ಯೂಮಿನಿಯಂ ಸವೆಯತೊಡಗುತ್ತದೆ. ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ಅಲ್ಯೂಮಿನಿಯಂ ಕೋರ್‌ಗೆ ಮಡಚಿ ಕೂರಿಸಿದ ಅಂಚಿನಲ್ಲಿ ಒಣಗಿದ ಬಿಳಿ-ಹಸಿರು ಕಲೆ ಇತ್ತು. ಪ್ರೆಶರ್ ಟೆಸ್ಟರ್ ಹಾಕಿ ಒತ್ತಡ ಕೊಟ್ಟಾಗ ಹನಿ ಜಿನುಗಿದ್ದೂ ಅಲ್ಲಿಂದಲೇ.

ನಿಜವಾದ ಪ್ರಶ್ನೆ ಬೇರೆ: ಸಿಲಿಂಡರ್ ಹೆಡ್ ಮತ್ತು ಎಂಜಿನ್ ಬ್ಲಾಕ್ ನಡುವೆ ಸೋರದಂತೆ ಕೂರಿಸಿದ ಹೆಡ್ ಗ್ಯಾಸ್ಕೆಟ್ ಉಳಿದಿದೆಯೇ? ಅದು ಹೋಗಿದ್ದರೆ ಹೆಡ್ ಬಿಚ್ಚಿ, ಲೇತ್‌ನಲ್ಲಿ ಮುಖ ಸಮಮಾಡಿಸಿ ಕೂರಿಸಲು 25,000ದಿಂದ 40,000 ರೂಪಾಯಿ, ಮತ್ತು ಈ ಕಾರನ್ನು ಬಿಟ್ಟುಬಿಡುವುದೇ ಲೇಸು. ಕ್ಯಾಪ್ ತೆರೆದಿಟ್ಟು ತಣ್ಣಗಿನ ಎಂಜಿನ್ ಚಾಲೂ ಮಾಡಿದಾಗ ಬಾಯಿಯಲ್ಲಿ ಗುಳ್ಳೆಗಳು ನಿಲ್ಲದೆ ಏಳುತ್ತಿರಲಿಲ್ಲ. ಬ್ಲಾಕ್ ಟೆಸ್ಟರಿನ ನೀಲಿ ದ್ರವ ಹಳದಿಗೆ ತಿರುಗಲಿಲ್ಲ, ಅಂದರೆ ಸಿಲಿಂಡರಿನ ಹೊಗೆ ಕೂಲೆಂಟ್‌ಗೆ ನುಸುಳುತ್ತಿಲ್ಲ. ಆಯಿಲ್ ಕ್ಯಾಪಿನ ಒಳಗೆ ಹಾಲಿನಂಥ ಜಿಡ್ಡೂ ಇರಲಿಲ್ಲ. ಕಂಪ್ರೆಷನ್ ಪರೀಕ್ಷೆಯಲ್ಲಿ ನಾಲ್ಕೂ ಸಿಲಿಂಡರ್ 10 ಪಿಎಸ್‌ಐ (ಒತ್ತಡದ ಅಳತೆ) ಅಂತರದೊಳಗೆ ಬಂದವು. ಕಾರು ಕೊಳ್ಳಲು ಯೋಗ್ಯ ಎಂದು ನಿರ್ಧಾರವಾದದ್ದು ಇಲ್ಲಿ.

ರೇಡಿಯೇಟರ್ 6,000, ಮೇಲಿನ-ಕೆಳಗಿನ ಹೋಸ್ 1,400, ಥರ್ಮೋಸ್ಟಾಟ್ 1,300, ಕ್ಯಾಪ್ 300, ಕೂಲೆಂಟ್ 1,200, ಕೂಲಿ 1,500. ಒಟ್ಟು 11,700. ಪ್ಲಾಸ್ಟಿಕ್ ಅಂಚಿಗೆ ಎಂ-ಸೀಲ್ ಮೆತ್ತುವವರಿದ್ದಾರೆ. ಒತ್ತಡದಲ್ಲಿ ಕಾದು ತಣಿಯುವ ಜಾಗದಲ್ಲಿ ಅದು ನಿಲ್ಲುವುದಿಲ್ಲ. ಹೊಸದು ಕೂರಿಸಿದ ಮೇಲೆ ಗಾಳಿ ತೆಗೆಯುವುದು ಅರ್ಧ ಕೆಲಸ: ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಕ್ಯಾಪ್ ಸಡಿಲವಿಟ್ಟು, ಫ್ಯಾನ್ ಎರಡು ಬಾರಿ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ, ಆರಿದ ಮೇಲೆ ಮಟ್ಟ ನೋಡಿ ತುಂಬಬೇಕು. ಮೊದಲೇ ಬೆರೆಸಿದ ಕೂಲೆಂಟ್ ತಂದರೆ ಅದಕ್ಕೆ ನೀರು ಸೇರಿಸುವಂತಿಲ್ಲ. ಸಾವಿರ ರೂಪಾಯಿ ಆಸುಪಾಸಿನ, ಕಾರಿನ ಕಂಪ್ಯೂಟರ್ ಓದುವ ಒಬಿಡಿ ಸ್ಕ್ಯಾನರ್ ಮೊಬೈಲಿಗೆ ಜೋಡಿಸಿಕೊಂಡರೆ ಗುಂಡ್ಯದಿಂದ ಸಕಲೇಶಪುರದ ಕಡೆ ಏರುವಾಗ ಎಂಜಿನ್ ಎಷ್ಟು ಡಿಗ್ರಿಯಲ್ಲಿದೆ ಎಂದು ಅಂಕಿಯಲ್ಲೇ ಕಾಣುತ್ತದೆ. ಮೀಟರ್ ಇಲ್ಲದ ಈ ಕಾರಿಗೆ ಅದು ಬೇಕೇ ಬೇಕು.

ಮಿಸ್ಸಿಂಗ್

ಸ್ಕ್ಯಾನರ್ ತೋರಿಸಿದ ಕೋಡ್ ಪಿ0303, ಅಂದರೆ ಮೂರನೇ ಸಿಲಿಂಡರ್ ಸರಿಯಾಗಿ ಹೊತ್ತುತ್ತಿಲ್ಲ. ಇಷ್ಟಕ್ಕೇ ನಾಲ್ಕು ಕಾಯಿಲ್ ಬದಲಿಸಲು ಹೇಳುವುದು ಅನ್ಯಾಯ. ಪ್ಲಗ್‌ನ ಕಿಡಿಗೆ ವಿದ್ಯುತ್ ಕೊಡಲು ಪ್ರತಿ ಸಿಲಿಂಡರಿಗೆ ಒಂದರಂತೆ ಇರುವ ಕಾಯಿಲ್‌ಗಳಲ್ಲಿ ಮೂರನೆಯದನ್ನು ಒಂದನೆಯದರ ಜಾಗಕ್ಕೆ ಹಾಕಿ, ಕೋಡ್ ಅಳಿಸಿ, ಅದೇ ಏರಿನಲ್ಲಿ ಓಡಿಸಬೇಕು. ಈಗ ಪಿ0301 ಬಂದರೆ ದೋಷ ಕಾಯಿಲ್ ಜೊತೆಗೇ ಸಾಗಿದೆ. ಪಿ0303 ಅಲ್ಲೇ ಉಳಿದರೆ ಪ್ಲಗ್, ನಂತರ ಇಂಜೆಕ್ಟರ್, ನಂತರ ವಾಲ್ವ್ ನೋಡಬೇಕು. ಈ ಕಾರಿನಲ್ಲಿ ಕೋಡ್ ಒಂದನೆಯದಕ್ಕೆ ಸರಿಯಿತು. ಕಾಯಿಲ್ ತೆಗೆದಾಗ ಕಾರಣವೂ ಕಂಡಿತು: ವಾಲ್ವ್ ಕವರಿನ ಸೀಲ್ ಗಟ್ಟಿಯಾಗಿ ಪ್ಲಗ್ ಇರುವ ಗುಂಡಿಯಲ್ಲಿ ಎಣ್ಣೆ ನಿಂತಿತ್ತು, ಕಾಯಿಲಿನ ರಬ್ಬರ್ ಉಬ್ಬಿತ್ತು. ಸೀಲ್ ಬದಲಿಸದೆ ಹೊಸ ಕಾಯಿಲ್ ಹಾಕಿದರೆ ಅದಕ್ಕೂ ಇದೇ ಗತಿ.

ದೀಪ ಸುಮ್ಮನೆ ಹೊತ್ತಿರುವುದಕ್ಕೂ ಮಿಣುಕುವುದಕ್ಕೂ ದೊಡ್ಡ ವ್ಯತ್ಯಾಸವಿದೆ. ಮಿಣುಕಿದರೆ ಸುಡದ ಪೆಟ್ರೋಲ್, ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತಿದೆ ಎಂದರ್ಥ. ಆಗ ಆಕ್ಸಿಲರೇಟರ್ ಬಿಟ್ಟು ನಿಧಾನಿಸಬೇಕು. ಕನ್ವರ್ಟರ್ ಕರಗಿದರೆ ಖರ್ಚು ಹತ್ತಾರು ಸಾವಿರ.

ವಾಲ್ವ್ ಕವರ್ ಬಿಚ್ಚಿದ ಮೇಲೆ ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಣ್ಣ ಅಂತರ) ನೋಡದೆ ಮುಚ್ಚುವುದು ದಡ್ಡತನ. ಈ ಎಂಜಿನ್‌ನಲ್ಲಿ ಆ ಅಂತರವನ್ನು ತಾನೇ ಸರಿಪಡಿಸಿಕೊಳ್ಳುವ ಹೈಡ್ರಾಲಿಕ್ ಲಿಫ್ಟರ್ ಇಲ್ಲ, ಸ್ಕ್ರೂ ತಿರುಗಿಸಿ ಸೆಟ್ ಮಾಡಬೇಕು. ಎಂಜಿನ್ ಪೂರ್ತಿ ತಣ್ಣಗಿರುವಾಗ ಇನ್‌ಟೇಕ್ 0.15ರಿಂದ 0.19 ಮಿ.ಮೀ., ಎಕ್ಸಾಸ್ಟ್ 0.26ರಿಂದ 0.30 ಮಿ.ಮೀ. ಸಡಿಲವಾದರೆ ಟಕಟಕ ಸದ್ದು ಬಂದು ಎಲ್ಲರ ಗಮನಕ್ಕೆ ಬೀಳುತ್ತದೆ. ಅಪಾಯ ಬಿಗಿಯಾದ ವಾಲ್ವ್‌ನಲ್ಲಿದೆ, ಅದು ಸದ್ದೇ ಮಾಡುವುದಿಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಸೀಟಿನ ಮೇಲೆ ಪೂರ್ತಿ ಕೂರದೆ, ಬಿಸಿ ಬಿಟ್ಟುಕೊಡಲಾಗದೆ ಅಂಚು ಸುಡುತ್ತದೆ. ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್ ಹಾಕಿದ ಸಿಟಿಗಳಲ್ಲಿ ಇದು ಬೇಗ ಬರುತ್ತದೆ. "ಎಂಜಿನ್ ಎಷ್ಟು ಸೈಲೆಂಟ್ ನೋಡಿ" ಎಂಬ ಮಾತಿಗೆ ಮನಸೋಲದೆ, ಅಂತರ ಅಳೆಯುವ ಫೀಲರ್ ಗೇಜ್ ಹಾಕಿಸಬೇಕು. ಇಲ್ಲಿ ಎರಡು ಎಕ್ಸಾಸ್ಟ್ ವಾಲ್ವ್ ಬಿಗಿಯಾಗಿದ್ದವು, ಸಕಾಲದಲ್ಲಿ ಸಿಕ್ಕವು.

ಒಂದು ಕಾಯಿಲ್ 2,600, ನಾಲ್ಕು ಇರಿಡಿಯಂ ಪ್ಲಗ್ 3,000, ಗ್ಯಾಸ್ಕೆಟ್ ಮತ್ತು ಸೀಲ್ 1,100, ಕೂಲಿ 1,500. ಒಟ್ಟು 8,200.

ಮುಂದಿನ ಗಡಗಡ

28,000ದ ಸ್ಟೀರಿಂಗ್ ರ್‍ಯಾಕ್ ಬರೆದದ್ದು ಈ ಸದ್ದಿಗೆ. ರ್‍ಯಾಕ್ ಸವೆದಿದ್ದರೆ ಸದ್ದು ಕಿವಿಗಿಂತ ಮೊದಲು ಸ್ಟೀರಿಂಗ್ ಹಿಡಿದ ಕೈಗೆ ತಿಳಿಯುತ್ತದೆ. ಚಕ್ರ ಎತ್ತಿ ಎಡ-ಬಲ ಅಂಚು ಹಿಡಿದು ಅಲುಗಿಸಿದಾಗ ಆಟ ಇರಲಿಲ್ಲ, ಟೈ ರಾಡ್ ಬಿಗಿಯಾಗಿತ್ತು. ಆಮೇಲೆ ಮಾಡಿದ್ದು ಖರ್ಚಿಲ್ಲದ ಪರೀಕ್ಷೆ: ಎರಡೂ ಕಡೆಯ ಲಿಂಕ್ ರಾಡ್ (ಸಸ್ಪೆನ್ಷನ್ ಅನ್ನು ಸ್ಟೆಬಿಲೈಸರ್ ಬಾರ್‌ಗೆ ಜೋಡಿಸುವ ಕಡ್ಡಿ) ಕಳಚಿ, ತುದಿಗಳು ಎಲ್ಲೂ ತಾಗದಂತೆ ಕಟ್ಟಿ, ಅದೇ ಹದಗೆಟ್ಟ ರಸ್ತೆಯಲ್ಲಿ 20ರ ವೇಗದಲ್ಲಿ ಓಡಿಸುವುದು. ಸಣ್ಣ ಕಲ್ಲುಗಳ ಮೇಲಿನ ಟಕ್‌ಟಕ್ ಪೂರ್ತಿ ನಿಂತಿತು, ಅಂದರೆ ಅದು ಲಿಂಕ್ ರಾಡಿನದು. ಉಳಿದದ್ದು ಬ್ರೇಕ್ ಒತ್ತಿದಾಗ ಒಮ್ಮೆ 'ಧಡ್' ಎನ್ನುವುದು. ಅದು ಚಕ್ರವನ್ನು ಕೆಳಗಿನಿಂದ ಹಿಡಿಯುವ ಲೋವರ್ ಆರ್ಮಿನ ಹಿಂದಿನ ಬುಷ್ (ರಬ್ಬರ್ ಜೋಡಣೆ), ಸನ್ನೆಕೋಲು ಹಾಕಿ ಮೀಟಿದಾಗ ರಬ್ಬರ್ ಹರಿದದ್ದು ಕಾಣಿಸಿತು. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಜಿಗಿದಂತೆ 'ಟೊಂಯ್' ಎಂದದ್ದು ಸ್ಟ್ರಟ್ ಮೌಂಟಿನ ಬೇರಿಂಗ್.

ಶಾಕ್ ಅಬ್ಸಾರ್ಬರ್‌ಗಳಲ್ಲಿ ಎಣ್ಣೆ ಸೋರಿರಲಿಲ್ಲ, ಮೂಲೆ ಒತ್ತಿ ಬಿಟ್ಟರೆ ಕಾರು ಒಂದೇ ಬಾರಿ ಮೇಲೆದ್ದು ನಿಲ್ಲುತ್ತಿತ್ತು. ಬದಲಿಸುವ ಕಾರಣವಿಲ್ಲ.

ಲಿಂಕ್ ರಾಡ್ ಜೋಡಿ 1,600, ಸ್ಟ್ರಟ್ ಮೌಂಟ್ ಮತ್ತು ಬೇರಿಂಗ್ ಜೋಡಿ 2,600, ಲೋವರ್ ಆರ್ಮ್ ಜೋಡಿ 7,000, ಕೂಲಿ 2,000, ವೀಲ್ ಅಲೈನ್‌ಮೆಂಟ್ 600. ಒಟ್ಟು 13,800. ಈ ಕೆಲಸ ಆರೇ ತಿಂಗಳಲ್ಲಿ ಮತ್ತೆ ಬರಲು ಒಂದು ಸಾಮಾನ್ಯ ಕಾರಣವಿದೆ. ಕಾರು ಲಿಫ್ಟ್ ಮೇಲೆ, ಚಕ್ರಗಳು ನೇತಾಡುತ್ತಿರುವಾಗಲೇ ಲೋವರ್ ಆರ್ಮಿನ ಬುಷ್ ಬೋಲ್ಟ್‌ಗಳನ್ನು ಪೂರ್ತಿ ಬಿಗಿದುಬಿಡುತ್ತಾರೆ. ಇಳಿಸಿದಾಗ ರಬ್ಬರ್ ತಿರುಚಿಕೊಂಡೇ ಕೂರುತ್ತದೆ, ಪ್ರತಿ ಗುಂಡಿಗೂ ಇನ್ನಷ್ಟು ತಿರುಚಿ ಬೇಗ ಹರಿಯುತ್ತದೆ. ಬೋಲ್ಟ್ ಸಡಿಲವಾಗಿ ಹಾಕಿ, ಕಾರಿನ ಭಾರ ಚಕ್ರದ ಮೇಲೆ ಬಿದ್ದ ಬಳಿಕ ಬಿಗಿಯಬೇಕು. ಗ್ಯಾರೇಜಿನಲ್ಲಿ ಎದುರು ನಿಂತು ಕೇಳಬೇಕಾದ ಒಂದೇ ಒಂದು ವಿಷಯ ಇದ್ದರೆ ಇದು. ಬಿಡಿಭಾಗಗಳನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸುವುದಾದರೆ ಜಿಎಸ್‌ಟಿ ಬಿಲ್ ಪಡೆಯಬೇಕು. ಲಿಂಕ್ ರಾಡ್, ಬುಷ್‌ಗಳಲ್ಲಿ ನಕಲಿ ಹೆಚ್ಚು.

ನಡುಕ, ಎಸಿ, ಬ್ರೇಕ್, ಕ್ಲಚ್

ನಡುಕಕ್ಕೆ ಮೊದಲು ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಶುಚಿ ಮಾಡಿ, ಐಡಲ್ (ನಿಂತಲ್ಲಿನ ಎಂಜಿನ್ ವೇಗ) ಕಾರಿನ ಕಂಪ್ಯೂಟರಿಗೆ ಮತ್ತೆ ಕಲಿಸಲಾಯಿತು: ಎಸಿ, ದೀಪ ಎಲ್ಲ ಆರಿಸಿ, ನ್ಯೂಟ್ರಲ್‌ನಲ್ಲಿ 3,000 ಆರ್‌ಪಿಎಂ ಹಿಡಿದು ರೇಡಿಯೇಟರ್ ಫ್ಯಾನ್ ತಿರುಗಿದ ಮೇಲೆ, ಆಕ್ಸಿಲರೇಟರ್ ಮುಟ್ಟದೆ ಐದು ನಿಮಿಷ ಬಿಡುವುದು. ನಡುಕ ಅರ್ಧ ಇಳಿಯಿತು. ಇನ್ನರ್ಧ ಟೈಮಿಂಗ್ ಚೈನ್ ಕಡೆಯಲ್ಲಿ ಎಂಜಿನ್ನನ್ನು ಹೊರುವ, ಒಳಗೆ ದ್ರವವಿರುವ ಹೈಡ್ರಾಲಿಕ್ ಮೌಂಟಿನದು, ಒಡೆದು ಕಪ್ಪು ದ್ರವ ಇಳಿದಿತ್ತು. ಮೌಂಟ್ ಒಂದು 4,500, ಕೂಲಿ 800. ಉಳಿದ ಮೌಂಟ್‌ಗಳ ರಬ್ಬರ್ ಚೆನ್ನಾಗಿತ್ತು, ಮುಟ್ಟಲಿಲ್ಲ.

ಓಡುವಾಗ ತಣ್ಣಗೆ, ನಿಂತಾಗ ಬಿಸಿ ಎಂದರೆ ಕಂಪ್ರೆಸರ್ ಕೆಲಸ ಮಾಡುತ್ತಿದೆ, ಎಸಿಯ ಬಿಸಿ ಹೊರಹಾಕುವ ಕಂಡೆನ್ಸರಿಗೆ ಗಾಳಿ ಸಾಲುತ್ತಿಲ್ಲ ಎಂದು ಅನುಮಾನಿಸಬೇಕು. ಬಾನೆಟ್ ಎತ್ತಿ ಎಸಿ ಹಾಕಿದರೆ ಅಕ್ಕಪಕ್ಕದ ಎರಡೂ ಫ್ಯಾನ್ ತಿರುಗಬೇಕು. ಕಂಡೆನ್ಸರ್ ಕಡೆಯದು ನಿಂತಿತ್ತು. ಫ್ಯೂಸ್, ರಿಲೇ ಸರಿಯಿದ್ದವು, ಮೋಟರ್ ಸತ್ತಿತ್ತು. ಮೋಟರ್ 2,800, ಗ್ಯಾಸ್ 1,800, ಕ್ಯಾಬಿನ್ ಫಿಲ್ಟರ್ 350, ಕೂಲಿ 600, ಒಟ್ಟು 5,550. ಪಟ್ಟಿಯಲ್ಲಿದ್ದ ಕಂಪ್ರೆಸರ್‌ಗೆ 24,000 ಇತ್ತು. ಗ್ಯಾಸನ್ನು ಬಾನೆಟ್ ಕೆಳಗಿನ ಸ್ಟಿಕರ್‌ನಲ್ಲಿರುವ ಗ್ರಾಂ ಪ್ರಕಾರ ತೂಗಿ ತುಂಬಿಸಬೇಕು. ಹೆಚ್ಚಾದರೂ ತಂಪು ಕಡಿಮೆಯಾಗುತ್ತದೆ.

ಬ್ರೇಕಿನ ಅದುರಿಗೆ ಮುಂದಿನ ಡಿಸ್ಕ್ ಕಾರಣ. ದಪ್ಪ ಉಳಿದಿದ್ದರೆ ಲೇತ್‌ನಲ್ಲಿ ಸಮ ಮಾಡಿಸಬಹುದು. ಇಲ್ಲಿ ಡಿಸ್ಕ್ ಮೇಲೆ ಕೆತ್ತಿದ ಕನಿಷ್ಠ ದಪ್ಪದ ಹತ್ತಿರ ಬಂದಿತ್ತು, ಘಾಟ್ ಇಳಿಯುವ ಕಾರಿಗೆ ಅದರಲ್ಲಿ ಉಳಿತಾಯ ಹುಡುಕಬಾರದು. ಡಿಸ್ಕ್ ಜೋಡಿ 4,800, ಪ್ಯಾಡ್ 2,200, ಬ್ರೇಕ್ ಆಯಿಲ್ 500, ಹಿಂದಿನ ಡ್ರಮ್ ಶುಚಿ ಸೇರಿ ಕೂಲಿ 1,200. ಒಟ್ಟು 8,700. ಟೈರ್‌ಗಳ ಪಕ್ಕದಲ್ಲಿ 3218 ಎಂದಿತ್ತು, 2018ರ 32ನೇ ವಾರದವು. ಬಟನ್ (ನೆಲಕ್ಕೆ ತಾಗುವ ಭಾಗದ ಉಬ್ಬುಗಳು) ಉಳಿದಿದ್ದರೂ ಪಕ್ಕದ ರಬ್ಬರ್ ಬಿರಿದಿತ್ತು. 175/65 ಆರ್15 ನಾಲ್ಕಕ್ಕೆ ಬ್ಯಾಲೆನ್ಸಿಂಗ್ ಸೇರಿ 20,800. ವೀಲ್ ನಟ್ 108 ನ್ಯೂಟನ್ ಮೀಟರ್‌ಗೆ ಟಾರ್ಕ್ ರೆಂಚ್‌ನಲ್ಲಿ ಬಿಗಿಯಬೇಕು. ಏರ್ ಗನ್‌ನಲ್ಲಿ ಸಿಕ್ಕಾಪಟ್ಟೆ ಬಿಗಿದರೆ ಹೊಸ ಡಿಸ್ಕ್ ಕೂಡ ಅದುರತೊಡಗುತ್ತದೆ.

ಕ್ಲಚ್‌ಗೆ ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ ಕ್ಲಚ್ ಬಿಟ್ಟು ನೋಡಿದಾಗ ಎಂಜಿನ್ ತಟ್ಟನೆ ನಿಂತಿತು. ಪ್ಲೇಟ್ ಹಿಡಿಯುತ್ತಿದೆ. ಪೆಡಲ್ ಒತ್ತಡವನ್ನು ಕ್ಲಚ್‌ಗೆ ಮುಟ್ಟಿಸುವ ಸ್ಲೇವ್ ಸಿಲಿಂಡರ್ ಸೋರಿರಲಿಲ್ಲ. ಪೆಡಲ್ ಗಟ್ಟಿ ಎಂಬ ಒಂದೇ ಕಾರಣಕ್ಕೆ ಈಗಲೇ 12,000 ಖರ್ಚು ಬೇಡ. ಏರಿನಲ್ಲಿ ಆರ್‌ಪಿಎಂ ಏರಿ ವೇಗ ಏರದೆ ಹೋದ ದಿನ ಮಾಡಿಸಿದರಾಯಿತು.

ಲೆಕ್ಕ ಮತ್ತು ಚೌಕಾಸಿ

ಮಂಗಳೂರಿನ ಮೊದಲ ಪ್ರಯಾಣಕ್ಕೆ ಮುಂಚೆ ಆಗಲೇಬೇಕಾದವು ಏರ್‌ಬ್ಯಾಗ್, ರೇಡಿಯೇಟರ್, ಬ್ರೇಕ್, ಮಿಸ್ಸಿಂಗ್ ಮತ್ತು ಟೈರ್. ಏರ್‌ಬ್ಯಾಗ್ ಉಚಿತ, ಉಳಿದವು 11,700, 8,700, 8,200 ಮತ್ತು 20,800, ಸೇರಿ 49,400. ಮೂರು ತಿಂಗಳೊಳಗೆ ಮಾಡಬಹುದಾದವು ಸಸ್ಪೆನ್ಷನ್ 13,800, ಮೌಂಟ್ 5,300, ಎಸಿ 5,550, ಎಂಜಿನ್ ಆಯಿಲ್-ಫಿಲ್ಟರ್-ಗೇರ್ ಆಯಿಲ್ 4,600. ಸೇರಿ 29,250. ಎಲ್ಲಾ ಕೂಡಿ 78,650. ಆಯಿಲ್ ವಿಷಯದಲ್ಲಿ ಒಂದು ಎಚ್ಚರ: ಫಿಲ್ಟರ್ ಬದಲಿಸಿದರೂ ಈ ಎಂಜಿನ್‌ಗೆ 3.6 ಲೀಟರ್ ಸಾಕು. 4 ಲೀಟರ್ ಕ್ಯಾನ್ ಪೂರ್ತಿ ಸುರಿಯುವ ಅಭ್ಯಾಸ ಇದೆ; ಡಿಪ್‌ಸ್ಟಿಕ್ ನೋಡಿ ನಿಲ್ಲಿಸಬೇಕು.

ಬೆಲೆ ಇಳಿಸಲು ಪೂರ್ತಿ 78,650 ಮುಂದಿಟ್ಟರೆ ಮಾತು ಮುರಿಯುತ್ತದೆ. ಟೈರ್, ಬ್ರೇಕ್, ಆಯಿಲ್ ಸವೆಯುವ ವಸ್ತುಗಳು, ಯಾವ ಹಳೆ ಕಾರಿಗಾದರೂ ಇವೆ ಎಂದು ಮಾರುವವರು ಹೇಳಿದರೆ ಅದು ನ್ಯಾಯವೇ. ಆ 34,100 ಬಿಟ್ಟರೆ ಉಳಿಯುವುದು 44,550, ಅವು ದೋಷಗಳು. ಪ್ರೆಶರ್ ಟೆಸ್ಟ್‌ನ ಹನಿ, ಕೋಡ್ ಸರಿದ ಸ್ಕ್ಯಾನರ್ ಪರದೆ, ಹರಿದ ಬುಷ್ ಎಲ್ಲವನ್ನೂ ಕಣ್ಣೆದುರು ತೋರಿಸಿ ಕೇಳಿದಾಗ 2,45,000ಕ್ಕೆ ವ್ಯಾಪಾರ ಕುದುರಿತು. ಕೆಲಸ ಸೇರಿ ಕಾರಿನ ನಿಜ ಬೆಲೆ 3,23,650.

ಇದರ ಮೇಲೆ ಬರುವುದು ಆರ್‌ಸಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಈ ಕಾರಿನದು 2026ರ ಮಾರ್ಚ್‌ಗೆ ಮುಗಿಯುತ್ತದೆ. ಫಾರ್ಮ್ 29 ಮತ್ತು 30ರಲ್ಲಿ ಹೆಸರು ಬದಲಾದ ಮೇಲೆ ಫಾರ್ಮ್ 25ರಲ್ಲಿ ನವೀಕರಣ, ಶುಲ್ಕ 5,000 ರೂಪಾಯಿ, ಜೊತೆಗೆ ಹಸಿರು ತೆರಿಗೆ ಮತ್ತು ಸ್ಮಾರ್ಟ್ ಕಾರ್ಡ್ ಶುಲ್ಕ. ಆರ್‌ಟಿಒ ಆವರಣಕ್ಕೆ ಕಾರು ಒಯ್ದು ತೋರಿಸಬೇಕು. ಚೆಕ್ ಎಂಜಿನ್ ದೀಪ ಹೊತ್ತಿದ್ದರೆ, ಬ್ರೇಕ್ ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಎಳೆದರೆ, ಹೊಗೆ ಪರೀಕ್ಷೆ ಪಾಸಾಗದಿದ್ದರೆ ವಾಪಸ್ ಬರಬೇಕಾಗುತ್ತದೆ. ಆದ್ದರಿಂದ ಮೊದಲ ಹಂತದ ಕೆಲಸ ಮುಗಿಸಿ, ಫೆಬ್ರವರಿಯಲ್ಲಿ ಅರ್ಜಿ ಹಾಕುವುದು ಸರಿಯಾದ ಸಮಯ. ಹಿಂದಿನ ಮಾಲೀಕರ ವಿಮೆಯ ನೋ ಕ್ಲೇಮ್ ಬೋನಸ್ ಅವರಿಗೇ ಸೇರಿದ್ದು, ಕಾರಿನ ಜೊತೆ ಬರುವುದಿಲ್ಲ. ವಿಮೆಯ ಲೆಕ್ಕವನ್ನು ಅದಿಲ್ಲದೆ ಹಾಕಬೇಕು.

ಮೊದಲ ಒಂದು ಸಾವಿರ ಕಿ.ಮೀ. ಓಡಿದ ಮೇಲೆ ನೋಡಬೇಕಾದವು ನಾಲ್ಕು: ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಗೆರೆ, ಪ್ಲಗ್ ಗುಂಡಿಗಳಲ್ಲಿ ಎಣ್ಣೆ ಮತ್ತೆ ಬಂದಿದೆಯೇ, ವೀಲ್ ನಟ್‌ಗಳ ಬಿಗಿ, ಮತ್ತು ಸ್ಕ್ಯಾನರಿನಲ್ಲಿ ಬಾಕಿ ಉಳಿದ ದೋಷದ ಕೋಡ್. ಕೂಲೆಂಟ್ ಒಂದು ಬೆರಳಷ್ಟು ಇಳಿದಿದ್ದರೂ ಮತ್ತೆ ತುಂಬಿ ಸುಮ್ಮನಾಗದೆ ಪ್ರೆಶರ್ ಟೆಸ್ಟ್ ಇನ್ನೊಮ್ಮೆ ಮಾಡಿಸಬೇಕು.